ಬೆಂಗಳೂರಿನ ಬಡಾವಣೆಗಳೂ ಅವುಗಳ ಉದ್ಯಾನಗಳೂ

ಬೆಂಗಳೂರಿನ ಉದ್ಯಾನಗಳ ಚರಿತ್ರೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಲಾಲ್‌ಬಾಗು ಮತ್ತು ಕಬ್ಬನ್ ಪಾರ್ಕು. ಮೊದಲನೆಯದನ್ನು 1760ರಲ್ಲಿ ಹೈದರಾಲಿ ಆರಂಭಿಸಿದನು. ಎರಡನೆಯದು 1870ರಲ್ಲಿ, ಬ್ರಿಟಿಷ್ ಕಮಿಷನರರ ಆಡಳಿತಕಾಲದಲ್ಲಿ ಸ್ಥಾಪಿತವಾಯಿತು. ಇವೆರಡೂ ಆಳುವವರ ಸಂಕಲ್ಪದಿಂದ ಹುಟ್ಟಿದ ತೋಟಗಳು. ಇವುಗಳಷ್ಟು ಪ್ರಸಿದ್ಧವಲ್ಲದ ಬೇರೊಂದು ಬಗೆಯ ಉದ್ಯಾನವೂ ನಗರದಲ್ಲಿ ಉಂಟು: ಬಡಾವಣೆಯ ನಕ್ಷೆಯಲ್ಲಿ, ಮನೆಯ ನಿವೇಶನಗಳ ನಡುವೆ, ನಿವಾಸಿಗಳಿಗಾಗಿ ಬಿಟ್ಟ ಬಯಲು. ಈ ಬಯಲಿನ ರಕ್ಷಣೆ ಯಾರ ಹೊಣೆಯಾಗಿತ್ತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ಬಸವನಗುಡಿ ಮತ್ತು ಮಲ್ಲೇಶ್ವರಗಳ ಯೋಜನೆ 1890ರ ದಶಕದಲ್ಲಿಯೇ ಮೊದಲಾಗಿತ್ತು. 1898ರಲ್ಲಿ ಪ್ಲೇಗು ನಗರವನ್ನು ಹೊಕ್ಕಾಗ ಪೇಟೆಯ ಇಕ್ಕಟ್ಟಾದ ಕೇರಿಗಳ ಅಪಾಯ ಎಲ್ಲರಿಗೂ ಮನದಟ್ಟಾಯಿತು. ಹೊಸ ಬಡಾವಣೆಗಳ ಕೆಲಸ ಚುರುಕಾಯಿತು. ನೇರವಾದ ಅಗಲ ಬೀದಿಗಳು, ಮನೆಗಳ ಹಿಂದೆ ಓಣಿಗಳು, ಅಲ್ಲಲ್ಲಿ ತೆರೆದ ಬಯಲು, ಇವೆಲ್ಲಕ್ಕೂ ಉದ್ದೇಶ ಒಂದೇ: ಗಾಳಿ ಬೆಳಕುಗಳು ಸಮೃದ್ಧವಾಗಿ ದೊರೆಯಬೇಕು. ಆದುದರಿಂದ ಬಡಾವಣೆಯ ಬಯಲು ತನ್ನ ಮೂಲದಲ್ಲಿ ವಿಲಾಸದ ವಸ್ತುವಲ್ಲ, ಆರೋಗ್ಯದ ಸಾಧನ ಎಂಬುದನ್ನು ನಾವು ಗಮನಿಸಬೇಕು.

1945ರ ಶಾಸನದಿಂದ ನಗರಾಭಿವೃದ್ಧಿಯ ಕಾರ್ಯ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿಗೆ ಬಂದಿತು. 1948ರಲ್ಲಿ ಜಯನಗರದ ಶಂಕುಸ್ಥಾಪನೆಯಾಯಿತು. ರೈತರ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವುದು, ಬೀದಿಗಳನ್ನು ಎಳೆಯುವುದು, ನಿವೇಶನಗಳನ್ನು ಹಂಚುವುದು, ಉದ್ಯಾನಕ್ಕೆ ಜಾಗ ಬಿಡುವುದು, ಇಷ್ಟೂ ಕೆಲಸಗಳು ಒಂದೇ ಮಂಡಲಿಯ ಕೈಯಲ್ಲಿದ್ದವು. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ 19ನೆಯ ಶತಮಾನದ ಕೊನೆಯ ಹೊತ್ತಿಗೇ ಉದ್ಯಾನಗಳಿಗೆಂದೇ ಪ್ರತ್ಯೇಕ ಮಂಡಲಿಯನ್ನೂ ಪ್ರತ್ಯೇಕ ತೆರಿಗೆಯನ್ನೂ ಏರ್ಪಡಿಸಿಕೊಳ್ಳಲು ಕಾಯಿದೆಯಲ್ಲಿ ಅವಕಾಶವಿತ್ತು. ಬೆಂಗಳೂರಿನಲ್ಲಿ ಅಂಥ ಏರ್ಪಾಡು ಬೆಳೆಯಲಿಲ್ಲ. ನೆಲವನ್ನು ಹಂಚುವವರೇ ನೆಲವನ್ನು ಕಾಯುವವರೂ ಆದರು. ನೆಲದ ಬೆಲೆ ಏರಿದಂತೆಲ್ಲ ಈ ಎರಡು ಕರ್ತವ್ಯಗಳು ಒಂದಕ್ಕೊಂದು ಎದುರಾಗುವುದು ಸಹಜವಾಗಿತ್ತು.

ಈ ವಿರೋಧ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸ್ಪಷ್ಟವಾಗಿ ಪ್ರಕಟವಾಯಿತು. ಬೋರ್ಡಿನ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದ ಹೊಸದರಲ್ಲಿ, 1976ರಲ್ಲಿ, ಅಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಸರ್ಕಾರದ ಆದೇಶದಂತೆ ಒಂದು ಖಾಸಗಿ ವೈದ್ಯಕೀಯ ನ್ಯಾಸಕ್ಕೆ ಆಸ್ಪತ್ರೆ ಕಟ್ಟಲು ಹಂಚಲಾಯಿತು. ನಿವಾಸಿಗಳು ಹೈಕೋರ್ಟಿನ ಮೊರೆಹೊಕ್ಕರು. ಏಕಸದಸ್ಯ ಪೀಠದಲ್ಲಿ ಅವರಿಗೆ ಸೋಲಾಯಿತು, ವಿಭಾಗೀಯ ಪೀಠದಲ್ಲಿ ಗೆಲುವು ದೊರೆಯಿತು. ನ್ಯಾಸದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು 1991ರಲ್ಲಿ ತಿರಸ್ಕರಿಸಿತು. ಆಸ್ಪತ್ರೆ ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ಮಂಜೂರಾದ ಯೋಜನೆಯಲ್ಲಿ ಸಾರ್ವಜನಿಕರಿಗೆ ಮೀಸಲಾದ ಉದ್ಯಾನವನ್ನು ಖಾಸಗಿ ಸಂಸ್ಥೆಗೆ ಒಪ್ಪಿಸುವ ಅಧಿಕಾರ ಸರ್ಕಾರಕ್ಕಾಗಲಿ ಪ್ರಾಧಿಕಾರಕ್ಕಾಗಲಿ ಇಲ್ಲವೆಂದೂ, ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಇದೆಯೆಂದೂ ತೀರ್ಪಿತ್ತಿತು.

ವ್ಯಾಜ್ಯ ನಡೆಯುತ್ತಿದ್ದ ಕಾಲದಲ್ಲಿಯೇ ಶಾಸನವೂ ಬಿಗಿಯಾಯಿತು. ಉದ್ಯಾನಗಳ, ಆಟದ ಬಯಲುಗಳ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆ 1985ರಲ್ಲಿ ರಾಜ್ಯದ ಕಾಯಿದೆಯೊಂದು ಬಂದಿತು. ಪ್ರಾಧಿಕಾರದ ಕಾಯಿದೆಗೆ ಆದ ತಿದ್ದುಪಡಿಗಳಿಂದ ಬಡಾವಣೆಯ ವಿಸ್ತೀರ್ಣದಲ್ಲಿ ಶೇಕಡಾ 15ಕ್ಕೆ ಕಡಮೆಯಿಲ್ಲದಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಬಯಲಿಗೆ ಮೀಸಲಿಡಬೇಕೆಂಬ ನಿಯಮವೂ, ಅಂಥ ಜಾಗವನ್ನು ಅನ್ಯ ಉದ್ದೇಶಕ್ಕೆ ಪರಭಾರೆ ಮಾಡಿದರೆ ಅದು ಅಸಿಂಧುವೆಂಬ ನಿಯಮವೂ ಸೇರಿದವು.

ಈ ಚರಿತ್ರೆಯಿಂದ ಎರಡು ಅಂಶಗಳು ವಿಶದವಾಗುತ್ತವೆ. ಮೊದಲನೆಯದಾಗಿ, ಬಡಾವಣೆಯ ಉದ್ಯಾನವನ್ನು ಉಳಿಸಿದ್ದು ಗಿಡಮರಗಳಿಗಿಂತ ಹೆಚ್ಚಾಗಿ ನಕ್ಷೆಯ ಮೇಲಿನ ಗೆರೆ. ಎರಡನೆಯದಾಗಿ, ಆ ಗೆರೆ ತಾನಾಗಿ ನಿಲ್ಲಲಿಲ್ಲ. ನಕ್ಷೆಯನ್ನು ಓದಬಲ್ಲ, ಓದಿ ಪ್ರಶ್ನಿಸಬಲ್ಲ ನಿವಾಸಿಗಳು ಬೇಕಾದರು. ಪ್ರತ್ಯೇಕ ಉದ್ಯಾನ ಮಂಡಲಿಯಿಲ್ಲದ ಊರಿನಲ್ಲಿ ಆ ಕೆಲಸವನ್ನು ನೆರೆಹೊರೆಯವರೇ ವಹಿಸಿಕೊಳ್ಳಬೇಕಾಯಿತು. ನಮ್ಮ ನಗರಗಳ ಚರಿತ್ರೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಅರಮನೆ ಕೋಟೆಗಳ ದಾಖಲೆಗಳೊಡನೆ ತಮ್ಮ ಬಡಾವಣೆಯ ಮೂಲ ನಕ್ಷೆಯನ್ನೂ ಹುಡುಕಿ ಓದುವುದು ಉಚಿತವೆಂದು ನಾವು ಭಾವಿಸುತ್ತೇವೆ.