ಟಾರ್ಡಬಿಗ್‌ನ ಮೇಲಿನ ಲಾಕು

ಕಾಲುವೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗದ್ದೆ. ನೀರು ಹರಿದು ಬಂದು ಪೈರನ್ನು ತಣಿಸಬೇಕು. ಹರಿಯದೆ ನಿಂತ ಕಾಲುವೆ ನಮ್ಮ ಲೆಕ್ಕದಲ್ಲಿ ಹಾಳುಬಿದ್ದ ಕಾಲುವೆ. ಇಂಗ್ಲೆಂಡಿನ ಹಳೆಯ ಕಾಲುವೆಗಳ ಧರ್ಮವೇ ಬೇರೆ. ಅವನ್ನು ತೋಡಿದ್ದು ಸರಕಿನ ದೋಣಿಗಳಿಗಾಗಿ. ಅಲ್ಲಿ ನೀರು ಆದಷ್ಟೂ ನಿಂತೇ ಇರಬೇಕು. ಹಾಗಾದರೆ ನೆಲ ಇಳಿಜಾರಾದ ಕಡೆ ಏನು ಮಾಡುವುದು? ಅದಕ್ಕೆ ಕಂಡುಕೊಂಡ ಉಪಾಯವೇ ಲಾಕು.

ಕಾಲುವೆಗೆ ಅಡ್ಡಲಾಗಿ, ಒಂದು ದೋಣಿ ಹಿಡಿಸುವಷ್ಟು ಅಂತರದಲ್ಲಿ, ಎರಡು ಕಡೆ ಬಾಗಿಲು. ನಡುವೆ ಕಲ್ಲು ಇಟ್ಟಿಗೆಗಳ ತೊಟ್ಟಿ. ಮೇಲಿನಿಂದ ಬಂದ ದೋಣಿ ತುಂಬಿದ ತೊಟ್ಟಿಯೊಳಗೆ ಸೇರುತ್ತದೆ. ಹಿಂದಿನ ಬಾಗಿಲು ಮುಚ್ಚುತ್ತದೆ. ಕೆಳಗಿನ ಬಾಗಿಲಿನ ತೂಬನ್ನು ಎತ್ತಿದರೆ ನೀರು ಇಳಿಯುತ್ತದೆ, ನೀರಿನೊಡನೆ ದೋಣಿಯೂ ಇಳಿಯುತ್ತದೆ. ಒಳಗೂ ಹೊರಗೂ ನೀರು ಸಮವಾದಾಗ, ಅದುವರೆಗೆ ಬೆಟ್ಟದಂತೆ ಅಲುಗದಿದ್ದ ಬಾಗಿಲು ಬೆನ್ನು ಕೊಟ್ಟು ತಳ್ಳಿದರೆ ಸಾಕು, ತೆರೆದುಕೊಳ್ಳುತ್ತದೆ.

ವೂಸ್ಟರ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳನ್ನು ಕೂಡಿಸುವ ಕಾಲುವೆಗೆ ಪಾರ್ಲಿಮೆಂಟು ಒಪ್ಪಿಗೆ ಕೊಟ್ಟಿದ್ದು 1791ರಲ್ಲಿ. ಕೆಲಸ ಮುಗಿದಿದ್ದು 1815ರಲ್ಲಿ. 30 ಮೈಲಿಗಳ ದಾರಿಗೆ 58 ಲಾಕುಗಳು. ಅವುಗಳಲ್ಲಿ 30 ಲಾಕುಗಳು ಟಾರ್ಡಬಿಗ್ ಎಂಬ ಹಳ್ಳಿಯ ಇಳುಕಲಿನಲ್ಲಿ, ಎರಡೂಕಾಲು ಮೈಲಿಯೊಳಗೆ, ಮೆಟ್ಟಿಲುಮೆಟ್ಟಿಲಾಗಿ 220 ಅಡಿ ಇಳಿಯುತ್ತವೆ. ಬ್ರಿಟನ್ನಿನಲ್ಲಿ ಇದಕ್ಕಿಂತ ಉದ್ದವಾದ ಲಾಕುಗಳ ಸಾಲಿಲ್ಲ. ಎಲ್ಲಕ್ಕೂ ಮೇಲಿನದು ಉಳಿದವುಗಳಿಗಿಂತ ಬಹಳ ಆಳ. ಅದಕ್ಕೂ ಒಂದು ಕಥೆಯುಂಟು. ಲಾಕು ತೆರೆದಾಗಲೆಲ್ಲ ಮೇಲಿನ ನೀರು ಕೆಳಗೆ ಹೋಗಿಬಿಡುತ್ತದೆ. ಗುಡ್ಡದ ಮೇಲೆ ನೀರಿಗೆ ಬರ. ಆದ್ದರಿಂದ 1808ರಲ್ಲಿ ಜಾನ್ ವುಡ್‌ಹೌಸ್ ಎಂಬಾತ ದೋಣಿಯನ್ನು ನೀರಿನ ತೊಟ್ಟಿಯ ಸಮೇತ ಮೇಲೆತ್ತುವ ಯಂತ್ರವೊಂದನ್ನು ಇಲ್ಲಿಯೇ ಹೂಡಿದ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದಂತೆ, ತೊಟ್ಟಿಗೆ ಸರಿದೂಗುವ ಭಾರವನ್ನು ಇನ್ನೊಂದು ಕಡೆ ತೂಗಹಾಕಿದ್ದ. ಯಂತ್ರ ನಡೆಯಿತು, ಆದರೆ ದಿನಬಳಕೆಯ ಒರಟುತನವನ್ನು ಅದು ತಾಳದೆಂದು ಬಲ್ಲವರು ಹೇಳಿದರು. ಯಂತ್ರದ ಜಾಗಕ್ಕೆ ಲಾಕು ಬಂತು.

ಮುಂದೆ ರೈಲು ಬಂದಿತು, ಬಾಡಿಗೆ ಇಳಿಯಿತು. ದಡದಲ್ಲಿ ಮನೆ ಇಟ್ಟುಕೊಳ್ಳಲಾರದ ಎಷ್ಟೋ ದೋಣಿಯಾಳುಗಳು ಹೆಂಡತಿಮಕ್ಕಳೊಡನೆ ದೋಣಿಯ ಹಿಂಭಾಗದ ಪುಟ್ಟ ಕೋಣೆಗೇ ಬಂದು ನೆಲೆಸಿದರು. ದೋಣಿಯ ಅಗಲವೇ 7 ಅಡಿ. ಆ ಗೂಡಿನಲ್ಲಿಯೇ ಒಲೆ, ಹಾಸಿಗೆ, ಬಾಣಂತನ. ಅದರ ಬಾಗಿಲಿಗೆ ಗುಲಾಬಿ ಹೂಗಳನ್ನೂ ಕೋಟೆಗಳನ್ನೂ ಬಣ್ಣದಲ್ಲಿ ಬರೆಯುವ ಒಂದು ಚಿತ್ರಕಲೆಯೂ ಅವರಲ್ಲಿ ಬೆಳೆಯಿತು.

ಈ ಜನರ ಬದುಕು ಕಣ್ಣೆದುರಿಗೇ ಅಳಿಯುತ್ತಿರುವುದನ್ನು ಕಂಡು ಬರೆದವನು ಎಲ್. ಟಿ. ಸಿ. ರೋಲ್ಟ್. ಕಸುಬಿನಿಂದ ಎಂಜಿನಿಯರು. 1939ರಲ್ಲಿ ಮದುವೆಯಾದೊಡನೆ ಹೆಂಡತಿಯೊಡನೆ ‘ಕ್ರೆಸ್ಸಿ’ ಎಂಬ ದೋಣಿಯೇರಿ ಹೊರಟ. ಯುದ್ಧಕಾಲದಲ್ಲಿ, 1941ರಿಂದ 1946ರವರೆಗೆ, ಕ್ರೆಸ್ಸಿ ಕಟ್ಟಿ ನಿಂತದ್ದು ಟಾರ್ಡಬಿಗ್‌ನ ಈ ಮೇಲಿನ ಲಾಕಿನ ಬಳಿ. 1944ರಲ್ಲಿ ಅವನ ‘ನ್ಯಾರೋ ಬೋಟ್’ ಪ್ರಕಟವಾಯಿತು. ಅದನ್ನು ಓದಿದ ಲಂಡನ್ನಿನ ರಾಬರ್ಟ್ ಐಕ್‌ಮನ್ ಕಾಗದ ಬರೆದ. 1945ರಲ್ಲಿ ಇಲ್ಲಿಗೇ ಬಂದು ದೋಣಿಯಲ್ಲಿ ಕುಳಿತು ಮಾತನಾಡಿದ. ಮರುವರ್ಷ ಒಳನಾಡಿನ ಜಲಮಾರ್ಗಗಳ ಸಂಘ ಹುಟ್ಟಿತು. ಇಬ್ಬರೂ ದೆವ್ವದ ಕಥೆಗಳನ್ನು ಬರೆದವರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸತ್ತುದನ್ನು ಮರಳಿ ನಡೆಸುವ ಕೆಲಸಕ್ಕೆ ತಕ್ಕ ಜೋಡಿ!

ಜೋಡಿ ಬಾಳಲಿಲ್ಲ. ಎಲ್ಲ ಕಾಲುವೆಗಳನ್ನೂ, ಒಂದು ಮೈಲಿಯನ್ನೂ ಬಿಡದೆ, ದೋಣಿಗೆ ತೆರೆಸಬೇಕೆಂಬುದು ಐಕ್‌ಮನ್ನನ ಹಟ. ದುಡಿಯುವ ದೋಣಿಗಳು ಇನ್ನೂ ಓಡಾಡುತ್ತಿದ್ದ ಕಾಲುವೆಗಳನ್ನು, ಅವುಗಳೊಡನೆ ಆ ಜನರನ್ನು, ಮೊದಲು ಉಳಿಸಿಕೊಳ್ಳೋಣವೆಂಬುದು ರೋಲ್ಟನ ವಾದ. 1951ರಲ್ಲಿ ತಾನೇ ಕಟ್ಟಿದ ಸಂಘದಿಂದ ರೋಲ್ಟ್ ಹೊರಬಿದ್ದ. ನನ್ನ ಮನಸ್ಸು ಅವನ ಕಡೆಗೇ ವಾಲುತ್ತದೆ. ಆದರೂ ಇಂದು ಅಷ್ಟೊಂದು ಕಾಲುವೆಗಳಲ್ಲಿ ನೀರು ನಿಂತಿರುವುದಕ್ಕೆ ಐಕ್‌ಮನ್ನನ ಹಟವೂ ಕಾರಣವೆಂಬುದನ್ನು ಒಪ್ಪದೆ ಗತಿಯಿಲ್ಲ. 1960ರ ದಶಕದಲ್ಲಿ ಈ ಕಾಲುವೆಯ ಸರಕು ಸಾಗಾಟ ನಿಂತೇಹೋಯಿತು. ದೋಣಿಯ ಸಂಸಾರಗಳು ದಡ ಸೇರಿದವು.

ಈಗ ಅಲ್ಲಿ ಓಡಾಡುವುದು ವಿಹಾರದ ದೋಣಿಗಳು. ಕಾಲುವೆಯನ್ನು 2012ರಿಂದ ಒಂದು ಧರ್ಮಾರ್ಥ ಸಂಸ್ಥೆ ನೋಡಿಕೊಳ್ಳುತ್ತಿದೆ. ಲಾಕಿನ ಮೇಲುಗಡೆ ದೋಣಿ ಕಟ್ಟಲು ಎಡೆಯಿದೆ, ನೀರು ತುಂಬಿಸಿಕೊಳ್ಳಲು ನಲ್ಲಿಯಿದೆ. ಊರಿನಲ್ಲಿ ದೋಣಿ ಬಾಡಿಗೆಗೂ ದೊರೆಯುತ್ತದೆ. ಬಾಗಿಲು ತೆಗೆಯಲು ಕಾವಲುಗಾರನಿರುವುದಿಲ್ಲ. ತೂಬಿನ ಹಲ್ಲುಗಾಲಿ ತಿರುಗಿಸುವ ಕಬ್ಬಿಣದ ಹಿಡಿಯನ್ನು ಪ್ರವಾಸಿಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯಬೇಕು. ಮೂವತ್ತನ್ನೂ ಇಳಿಯುವುದಕ್ಕೆ ಅರ್ಧ ದಿನವಾದರೂ ಬೇಕು. ಆ ದೋಣಿಗಳಲ್ಲಿ ಅಡುಗೆಮನೆ, ಬಿಸಿನೀರು, ಬಚ್ಚಲು ಎಲ್ಲವೂ ಉಂಟು. ದೋಣಿಯಾಳುಗಳು ಕನಸಿನಲ್ಲೂ ಕಾಣದಿದ್ದ ಸೌಕರ್ಯ. ಆದರೆ ರೋಲ್ಟ್ ಕಂಡಿದ್ದ: ಕ್ರೆಸ್ಸಿಯನ್ನು ಮನೆಯಾಗಿ ಮಾಡಿಕೊಂಡಾಗ ಅದರೊಳಗೆ ಒಂದು ಸ್ನಾನದ ತೊಟ್ಟಿಯನ್ನೂ ಕೂಡಿಸಿಕೊಂಡಿದ್ದನಂತೆ.