ನೋವೈ ನಕ್ಷೆಯ ಓದು: 'ಆರ್' ಭಾಷೆಗೆ ಭೂದತ್ತಾಂಶ ತರುವಾಗ

ಮಿಷಿಗನ್‌ನ ನೋವೈ ಪಟ್ಟಣದ ಹೆಸರಿಗೆ ಒಂದು ಜನಜನಿತ ಕತೆಯಿದೆ. ಕುದುರೆಗಾಡಿಗಳ ಕಾಲದಲ್ಲಿ ಇದು ಆರನೆಯ ತಂಗುದಾಣವಾಗಿತ್ತಂತೆ. ಫಲಕದಲ್ಲಿ 'ನಂಬರ್' ಎಂಬುದರ ಹ್ರಸ್ವರೂಪದ ಪಕ್ಕ ರೋಮನ್ ಆರು ಬರೆದಿತ್ತಂತೆ. ಜನ ಎರಡನ್ನೂ ಕೂಡಿಸಿ ಓದಿ 'ನೋವೈ' ಎಂದರಂತೆ. ಇತಿಹಾಸವೆಂದು ಇದನ್ನು ನಂಬಬೇಕಿಲ್ಲ. ಆದರೆ ಅಂಕಿ ಯಾವುದು, ಅಕ್ಷರ ಯಾವುದು ಎಂಬ ಗೊಂದಲ ನಕ್ಷೆಯ ಕಡತಗಳನ್ನು ಸಂಖ್ಯಾಶಾಸ್ತ್ರದ 'ಆರ್' ಭಾಷೆಗೆ ತರುವವರನ್ನು ಇಂದಿಗೂ ಬಿಟ್ಟಿಲ್ಲ.

ಮಿಷಿಗನ್‌ನಲ್ಲಿ ಪಂಪ ಕನ್ನಡ ಕೂಟವಿದೆ, ಷಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟವಿದೆ. ಈ ಎರಡು ಸೀಮೆಗಳಲ್ಲಿ ಕನ್ನಡದ ಮನೆಗಳು ಎಲ್ಲೆಲ್ಲಿ ಹರಡಿವೆ ಎಂದು ನಕ್ಷೆ ಬರೆಯಹೊರಟವರಿಗೆ ಮೊದಲು ಸಿಗುವುದು ಅಮೆರಿಕದ ಜನಗಣತಿ ಬ್ಯೂರೋ ಉಚಿತವಾಗಿ ಕೊಡುವ 'ಟೈಗರ್' ಗಡಿರೇಖೆಗಳು. ಅವು ಬರುವುದು ಶೇಪ್‌ಫೈಲ್ ರೂಪದಲ್ಲಿ. ಹೆಸರು ಒಂದಾದರೂ ಅದು ಕಡತಗಳ ಒಂದು ಕುಟುಂಬ: ಒಂದರಲ್ಲಿ ಆಕೃತಿ, ಇನ್ನೊಂದರಲ್ಲಿ ಸೂಚಿ, ಮತ್ತೊಂದರಲ್ಲಿ ಕೋಷ್ಟಕ, ಮಗದೊಂದರಲ್ಲಿ ಪ್ರಕ್ಷೇಪದ, ಅಂದರೆ ದುಂಡು ಭೂಮಿಯನ್ನು ಸಪಾಟು ನಕ್ಷೆಗೆ ಇಳಿಸುವ ಕ್ರಮದ, ವಿವರ. ಕೋಷ್ಟಕದ ಅಂಕಣಕ್ಕೆ ಹತ್ತು ಬೈಟಿಗಿಂತ ಉದ್ದದ ಹೆಸರಿಡುವಂತಿಲ್ಲ. ಯೂನಿಕೋಡ್‌ನ ಯುಟಿಎಫ್-8 ಲೆಕ್ಕದಲ್ಲಿ 'ಕನ್ನಡ' ಎಂಬ ಪದವೊಂದಕ್ಕೇ 15 ಬೈಟ್ ಬೇಕು! 2014ರಲ್ಲಿ ಬಂದ ಜಿಯೋಪ್ಯಾಕೇಜ್ ರೂಪದಲ್ಲಿ ಈ ಇಕ್ಕಟ್ಟಿಲ್ಲ.

ಓದುವ ಕೆಲಸವೇನೋ ಒಂದು ಸಾಲಿನದು. ಎಡ್ಜರ್ ಪೆಬೆಸ್ಮಾ 2016ರಲ್ಲಿ ಹೊರತಂದ 'ಎಸ್ಎಫ್' ಪ್ಯಾಕೇಜಿನ ಓದುವ ಆಜ್ಞೆಗೆ ಕಡತದ ಹೆಸರು ಕೊಟ್ಟರೆ ಸಾಕು. ಹಳೆಯ ಪಾಠಗಳಲ್ಲಿ ಇದೇ ಕೆಲಸಕ್ಕೆ ಕಾಣುವ 'ಆರ್‌ಜಿಡಾಲ್' ಪ್ಯಾಕೇಜು 2023ರ ಅಕ್ಟೋಬರ್‌ನಲ್ಲಿ ನಿವೃತ್ತವಾಯಿತು.

ಆಮೇಲೆ ಶುರುವಾಗುತ್ತದೆ ಅಸಲು ಕತೆ. ನೋವೈ ಇರುವ ಓಕ್ಲೆಂಡ್ ಕೌಂಟಿಯ ಸಂಕೇತ 125. ಷಿಕಾಗೋದ ಕುಕ್ ಕೌಂಟಿಯದು 031. ಗಡಿಯ ಕಡತದಲ್ಲಿ ಈ ಸಂಕೇತಗಳು ಅಕ್ಷರಗಳಾಗಿರುತ್ತವೆ. ಜೊತೆಗೆ ಜೋಡಿಸಬೇಕಾದ ಜನಸಂಖ್ಯೆಯ ಪಟ್ಟಿಯನ್ನು ಆರ್‌ನ ಸಾಮಾನ್ಯ ಆಜ್ಞೆಯಿಂದ ಓದಿದರೆ ಅವು ಸಂಖ್ಯೆಗಳಾಗುತ್ತವೆ, 031 ಬರೀ 31 ಆಗಿಬಿಡುತ್ತದೆ. ಆಗ ಎರಡು ಪಟ್ಟಿಗಳು ಕೂಡುವುದಿಲ್ಲ. ಓಕ್ಲೆಂಡ್‌ನಲ್ಲಿ ಪಾಸಾದ ಪ್ರೋಗ್ರಾಮು ಕುಕ್‌ನಲ್ಲಿ ನಪಾಸು. ಸಂಕೇತದ ಅಂಕಣವನ್ನು ಅಕ್ಷರವೆಂದೇ ಓದು ಎಂದು ಮೊದಲೇ ಹೇಳುವುದು ಇದಕ್ಕೆ ಸುಲಭದ ಮದ್ದು.

ಸಂಕೇತದ ಗೊಂದಲ ಮುಗಿದರೆ ಅಳತೆಯದು. ಅಡಿಯ ವಿಷಯ ಇನ್ನೂ ಸ್ವಾರಸ್ಯದ್ದು. ಆಯಾ ರಾಜ್ಯಕ್ಕೆಂದೇ ಹೊಂದಿಸಿದ 'ರಾಜ್ಯ ಸಮತಲ' ನಿರ್ದೇಶಾಂಕಗಳಿಗೆ ಮಿಷಿಗನ್ ಬಳಸುವುದು ಅಂತರರಾಷ್ಟ್ರೀಯ ಅಡಿ, ಇಲಿನಾಯ್ ಬಳಸುತ್ತ ಬಂದದ್ದು ಅಮೆರಿಕದ ಸರ್ವೆ ಅಡಿ. ಎರಡಕ್ಕೂ ಇರುವ ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು ಪಾಲು ಮಾತ್ರ. ಅಷ್ಟಕ್ಕೇನು ತಲೆ ಕೆಡಿಸಿಕೊಳ್ಳುವುದು ಎನ್ನುವಂತಿಲ್ಲ, ಏಕೆಂದರೆ ದಕ್ಷಿಣ ಮಿಷಿಗನ್ ವಲಯದಲ್ಲಿ ಪೂರ್ವದಿಕ್ಕಿನ ಎಣಿಕೆಗೆ ಮೊದಲೇ 40 ಲಕ್ಷ ಮೀಟರ್ ಕೂಡಿಸಿರುತ್ತಾರೆ. ಪ್ರಕ್ಷೇಪದ ಕಡತ ಕಳೆದುಹೋಗಿ, ಷಿಕಾಗೋ ರೂಢಿಯವರೊಬ್ಬರು ಅಂದಾಜಿನ ಮೇಲೆ ಸರ್ವೆ ಅಡಿ ಎಂದು ಹಚ್ಚಿದರೆ ನೋವೈಯ ಮನೆಗಳೆಲ್ಲ ಸುಮಾರು 27 ಅಡಿ ಪೂರ್ವಕ್ಕೆ ಸರಿಯುತ್ತವೆ. ರಸ್ತೆಯಂಚಿನ ಮನೆ ರಸ್ತೆಗೇ ಇಳಿದಂತೆ! ಷಿಕಾಗೋದಲ್ಲಿ ಇದೇ ತಪ್ಪು ತಿರುಗುಮುರುಗಾಗಿ ನಡೆದರೆ ನಾಲ್ಕೈದು ಅಡಿಯಲ್ಲಿ ಮುಗಿಯುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರಕ್ಷೇಪಕ್ಕೆ ಹೆಸರು ಹಚ್ಚುವುದೇ ಬೇರೆ, ನಿರ್ದೇಶಾಂಕಗಳನ್ನು ಮತ್ತೊಂದು ಪ್ರಕ್ಷೇಪಕ್ಕೆ ಪರಿವರ್ತಿಸುವುದೇ ಬೇರೆ. ಎಸ್ಎಫ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಆಜ್ಞೆಗಳಿವೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಕನ್ನಡದ ನಕ್ಷೆ ಮೂಡುತ್ತದೆಯೇ? ಅಮೆರಿಕನ್ ಸಮುದಾಯ ಸಮೀಕ್ಷೆಯು ಗಣತಿ ಬಡಾವಣೆಗಳ ಮಟ್ಟದಲ್ಲಿ ಕನ್ನಡವನ್ನು 'ಇತರ ಏಷ್ಯನ್ ಮತ್ತು ಪೆಸಿಫಿಕ್ ದ್ವೀಪಗಳ ಭಾಷೆಗಳು' ಎಂಬ ಗುಂಪಿನಲ್ಲಿ ಮುಳುಗಿಸಿಬಿಟ್ಟಿದೆ. ಹಿಂದಿ ಇಂಡೋ-ಯುರೋಪಿಯನ್ ಗುಂಪಿಗೆ ಹೋಗಿದೆ. ವಿಸ್ತಾರವಾದ ಕೋಷ್ಟಕದಲ್ಲಿ ತೆಲುಗಿಗೂ ತಮಿಳಿಗೂ ಸ್ವಂತ ಸಾಲುಗಳಿವೆ. ಕನ್ನಡಕ್ಕೆ ಮಲಯಾಳ ಮತ್ತು ಉಳಿದ ದ್ರಾವಿಡ ಭಾಷೆಗಳೊಂದಿಗೆ ಒಂದೇ ಸಾಲು. ಬಡಾವಣೆ ಮಟ್ಟದ ಆ 'ಇತರ' ಗುಂಪಿನ ಅಂಕಣಕ್ಕೆ ಬಣ್ಣ ತುಂಬಿ 'ಕನ್ನಡಿಗರ ನೋವೈ' ಎಂದು ಶೀರ್ಷಿಕೆ ಕೊಟ್ಟರೆ ಆರ್ ಯಾವ ತಕರಾರನ್ನೂ ಎತ್ತುವುದಿಲ್ಲ. ನಕ್ಷೆ ಮಾತ್ರ ಸುಳ್ಳು.

ಕನ್ನಡ ಪ್ರತ್ಯೇಕವಾಗಿ ಸಿಗುವುದು ಅದೇ ಸಮೀಕ್ಷೆಯ ಸೂಕ್ಷ್ಮ ಮಾದರಿ ದತ್ತಾಂಶದಲ್ಲಿ. ಆದರೆ ಗೋಪ್ಯತೆಯ ಕಾರಣಕ್ಕೆ ಅಲ್ಲಿನ ಅತಿ ಚಿಕ್ಕ ಪ್ರದೇಶದಲ್ಲೂ ಕನಿಷ್ಠ ಒಂದು ಲಕ್ಷ ಜನ ಇರಲೇಬೇಕು. 2020ರ ಗಣತಿಯಲ್ಲಿ ನೋವೈಯ ಜನಸಂಖ್ಯೆ 66,243.