ಪರಮಾಣು ಮ್ಯಾಗ್ನೆಟೋಮೀಟರ್: ಕಾಸರಗೋಡಿನ ಅಕ್ಷಾಂಶದಿಂದ ಕಂಡ ಚರಿತ್ರೆ

ಬೆಳಕಿನ ನೆರವಿನಿಂದ ಪರಮಾಣುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ, ಅವು ಓಲಾಡುವ ವೇಗದಿಂದ ಕಾಂತಕ್ಷೇತ್ರದ ಬಲವನ್ನು ತಿಳಿಯುವ ಉಪಕರಣವೇ ಪರಮಾಣು ಮ್ಯಾಗ್ನೆಟೋಮೀಟರ್. ಹೀಗೆ ಬೆಳಕಿನಿಂದ ತಿರುಗಿಸಿ ನಿಲ್ಲಿಸುವ ವಿಧಾನಕ್ಕೆ ಆಪ್ಟಿಕಲ್ ಪಂಪಿಂಗ್ ಎಂದು ಹೆಸರು. ಗಾಜಿನ ಪುಟ್ಟ ಕೋಶದಲ್ಲಿ ಸೀಸಿಯಂ, ರುಬಿಡಿಯಂ ಅಥವಾ ಪೊಟ್ಯಾಸಿಯಂ ಆವಿ ಇರುತ್ತದೆ. ಅದರ ಮೇಲೆ ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕು ಬಿದ್ದಾಗ ಪರಮಾಣುಗಳು ಮೊದಮೊದಲು ಅದನ್ನು ಹೀರುತ್ತವೆ. ಕ್ರಮೇಣ ಅವು ಹೀರಲಾರದ ಸ್ಥಿತಿಗೆ ಬಂದು ಸೇರಿ, ಕೋಶ ಪಾರದರ್ಶಕವಾಗುತ್ತದೆ. ಈ ಪರಮಾಣುಗಳು ಬುಗುರಿಯಂತೆ ಓಲಾಡುವ ಆವೃತ್ತಿಗೆ ಸರಿಹೊಂದುವ ರೇಡಿಯೊ ತರಂಗವನ್ನು ಹಾಯಿಸಿದರೆ ಶಿಸ್ತು ಕದಡಿ ಬೆಳಕು ಮಂಕಾಗುತ್ತದೆ. ಮಂಕಾದ ಆ ಆವೃತ್ತಿಯೇ ಕ್ಷೇತ್ರದ ಅಳತೆ. ಕಾಸರಗೋಡಿನಲ್ಲಿ ಭೂಕಾಂತಕ್ಷೇತ್ರದ ಒಟ್ಟು ಬಲ ಸುಮಾರು 40,000 ನ್ಯಾನೊಟೆಸ್ಲಾ. ಸೀಸಿಯಂ ಪ್ರತಿ ನ್ಯಾನೊಟೆಸ್ಲಾಕ್ಕೆ 3.5 ಹರ್ಟ್ಸ್ ಕೊಡುವುದರಿಂದ ಅಲ್ಲಿ 1,40,000 ಹರ್ಟ್ಸ್‌ನ ಆಸುಪಾಸಿನ ಸಂಕೇತ ಸಿಗುತ್ತದೆ. ಇದಕ್ಕಿಂತ ಹಳೆಯ ಪ್ರೋಟಾನ್ ಮಾಪಕದಲ್ಲಿ ಅದೇ ಜಾಗ ಕೊಡುವುದು ಕೇವಲ 1,700 ಹರ್ಟ್ಸ್.

ಕಾಸರಗೋಡು ಸೇರಿದ ಈಗಿನ ಕೇರಳದ ನೆಲದಲ್ಲಿ ಕಾಂತಕ್ಷೇತ್ರವನ್ನು ಅಳೆಯುವ ಕೆಲಸ ಪರಮಾಣು ಮಾಪಕಕ್ಕಿಂತ ನೂರು ವರ್ಷ ಹಿಂದೆಯೇ ಆರಂಭವಾಗಿತ್ತು. 1837ರಲ್ಲಿ ಸ್ವಾತಿ ತಿರುನಾಳ್ ಮಹಾರಾಜರ ಆಶ್ರಯದಲ್ಲಿ ಹುಟ್ಟಿದ ತಿರುವನಂತಪುರದ ವೀಕ್ಷಣಾಲಯಕ್ಕೆ 1852ರಲ್ಲಿ ಜಾನ್ ಅಲನ್ ಬ್ರೌನ್ ನಿರ್ದೇಶಕರಾಗಿ ಬಂದರು. ಅಗಸ್ತ್ಯಮಲೆಯ ಮೇಲೂ ಒಂದು ವೀಕ್ಷಣಾಲಯ ಕಟ್ಟಿಸಿ, ನೂಲಿಗೆ ತೂಗಿಬಿಟ್ಟ ಅಯಸ್ಕಾಂತಗಳ ಅಲುಗಾಟವನ್ನು ವರ್ಷಗಟ್ಟಲೆ ಬರೆದಿಡಿಸಿದರು. ಆ ದಾಖಲೆಗಳು 1874ರಲ್ಲಿ ಅಚ್ಚಾದವು. ಅಷ್ಟು ಕಷ್ಟದ ಜಾಗದಲ್ಲಿ ಅಷ್ಟು ತಾಳ್ಮೆಯ ಅಳತೆ ಇನ್ನೊಂದು ಸಿಗುವುದು ಅಪರೂಪ. ಮುಂದೆ 1963ರ ನವೆಂಬರ್ 21ರಂದು ತಿರುವನಂತಪುರದ ತೀರದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಕಾಂತೀಯ ಸಮಭಾಜಕ ರೇಖೆ ಹತ್ತಿರದಲ್ಲೇ ಹಾಯುತ್ತದೆ ಎಂಬುದು ತುಂಬಾದ ಆಯ್ಕೆಗೆ ಮುಖ್ಯ ಕಾರಣ. ಮರುವರ್ಷವೇ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಹೊತ್ತ ರಾಕೆಟ್‌ಗಳು ನೂರು ಕಿಲೋಮೀಟರಿಗೂ ಮೇಲೆ ಹರಿಯುವ ವಿದ್ಯುತ್ ಪ್ರವಾಹವನ್ನು ಸೀಳಿ ಹೋದವು. ಇದರ ಫಲಿತಾಂಶವನ್ನು ವಿಜ್ಞಾನಿಗಳಾದ ಮೇನಾರ್ಡ್, ಕಾಹಿಲ್ ಅವರೊಂದಿಗೆ ಟಿ. ಎಸ್. ಜಿ. ಶಾಸ್ತ್ರಿ 1965ರಲ್ಲಿ ಪ್ರಕಟಿಸಿದರು.

ಅಷ್ಟರಲ್ಲಿ ಬೆಳಕಿನ ವಿಧಾನ ಬೇರೆಡೆ ಬೆಳೆದಿತ್ತು. ಪ್ಯಾರಿಸ್ಸಿನ ಆಲ್ಫ್ರೆಡ್ ಕಾಸ್ಲರ್ 1950ರಲ್ಲಿ ಆಪ್ಟಿಕಲ್ ಪಂಪಿಂಗ್‌ನ ವಿಚಾರ ಮುಂದಿಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಂತು. 1957ರಲ್ಲಿ ಹಾನ್ಸ್ ಡೆಮೆಲ್ಟ್ ಸೋಡಿಯಂ ಆವಿಯ ಪರಮಾಣುಗಳ ಓಲಾಟವನ್ನು ಬೆಳಕಿನಲ್ಲೇ ಕಾಣಬಹುದೆಂದು ತೋರಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ವೇರಿಯನ್ ಕಂಪನಿಯ ಬೆಲ್ ಮತ್ತು ಬ್ಲೂಮ್ ಅದನ್ನು ಉಪಕರಣದ ಹಾದಿಗೆ ತಂದರು. 1961ರಲ್ಲಿ ಎಕ್ಸ್‌ಪ್ಲೋರರ್ 10 ರುಬಿಡಿಯಂ ಮ್ಯಾಗ್ನೆಟೋಮೀಟರನ್ನು ಬಾಹ್ಯಾಕಾಶಕ್ಕೆ ಒಯ್ದಿತು. ಪ್ರೋಟಾನ್ ಮಾಪಕ ಒಂದು ಓದಿಗೂ ಇನ್ನೊಂದಕ್ಕೂ ನಡುವೆ ತಡೆಯಬೇಕು. ಸೀಸಿಯಂ ಉಪಕರಣ ಸೆಕೆಂಡಿಗೆ ಹಲವು ಬಾರಿ ಓದುತ್ತದೆ. ಅದಿರು ಹುಡುಕುವ ವಿಮಾನಗಳಿಗೆ ಅದು ಒಪ್ಪಿದ್ದು ಹೀಗೆ.

ಆದರೆ ಈ ಉಪಕರಣಕ್ಕೊಂದು ಊನವಿದೆ, ಅದು ಕಾಸರಗೋಡಿನಂಥ ಊರುಗಳಲ್ಲೂ ಕಾಡುತ್ತದೆ. ಬೆಳಕಿನ ಕಿರಣ ಕಾಂತಕ್ಷೇತ್ರದ ನೇರಕ್ಕಿದ್ದರೂ, ಅದಕ್ಕೆ ಲಂಬವಾಗಿದ್ದರೂ ಸಂಕೇತ ಕುಸಿಯುತ್ತದೆ. 45 ಡಿಗ್ರಿಯ ಆಸುಪಾಸಿನಲ್ಲಿ ಅದು ಹೆಚ್ಚು. ಕಾಸರಗೋಡಿನಲ್ಲಿ ಕಾಂತಕ್ಷೇತ್ರ ನೆಲಕ್ಕೆ ಬಾಗುವುದು ಸುಮಾರು 10 ಡಿಗ್ರಿಯಷ್ಟೇ. ಅದು ಬಹುಪಾಲು ಮಲಗಿಕೊಂಡೇ ಉತ್ತರಕ್ಕೆ ಸಾಗುತ್ತದೆ. ಹಾಗಾಗಿ ಸೆನ್ಸರನ್ನು ಕೋಲಿನ ಮೇಲೆ ನೆಟ್ಟಗೆ ಕಟ್ಟಿದರೆ ಕುರುಡು, ಪೂರ್ವ–ಪಶ್ಚಿಮವಾಗಿ ಮಲಗಿಸಿದರೂ ಕುರುಡು, ಉತ್ತರ–ದಕ್ಷಿಣವಾಗಿ ಮಲಗಿಸಿದರೆ ಹೆಚ್ಚುಕಡಿಮೆ ಅದೇ ಗತಿ. ಕ್ಷೇತ್ರಕ್ಕೆ ಓರೆಯಾಗಿ ಕಟ್ಟಿದರಷ್ಟೇ ಅದಕ್ಕೆ ಕಣ್ಣು.

ಓದು ಸಿಕ್ಕ ಮೇಲೂ ತೊಡಕು ಮುಗಿಯದು. ಮಲಗಿದ ಕ್ಷೇತ್ರದಲ್ಲಿ, ಭೂಕಾಂತಕ್ಷೇತ್ರದಿಂದಲೇ ಕಾಂತತ್ವ ಪಡೆದ ಶಿಲೆಯ ನೆತ್ತಿಯ ಮೇಲೆ ಕಾಣುವುದು ಏರಿಕೆಯಲ್ಲ, ಇಳಿಕೆ. ಉತ್ತರ–ದಕ್ಷಿಣವಾಗಿ ಉದ್ದಕ್ಕೆ ಚಾಚಿದ ಡೈಕು, ಅಂದರೆ ಬಂಡೆಯ ಸೀಳಿನಲ್ಲಿ ಹೆಪ್ಪುಗಟ್ಟಿದ ಶಿಲೆಯ ಗೋಡೆ, ನಕ್ಷೆಯಲ್ಲಿ ಬಹುತೇಕ ಅಡಗಿಬಿಡಬಹುದು. ಕ್ಷೇತ್ರ ಕಡಿದಾಗಿ ಬಾಗುವ ಕೆನಡಾದ ಕೈಪಿಡಿ ಓದಿ ಇಲ್ಲಿನ ನಕ್ಷೆಗೆ ಅರ್ಥ ಹೇಳಲು ಹೊರಟವರು ಎಡವುವುದು ಇಲ್ಲಿಯೇ. ಇದರ ಮೇಲೆ ಮುರಕಲ್ಲು (ಲ್ಯಾಟರೈಟ್) ಬೇರೆ. ಅದರ ಕಬ್ಬಿಣದ ಆಕ್ಸೈಡುಗಳಲ್ಲಿ ಮ್ಯಾಗ್‌ಹೆಮೈಟ್ ಬೆರೆತಿರುವ ಕಡೆ ಮೇಲ್ಪದರವೇ ಗದ್ದಲ ಎಬ್ಬಿಸಿ ಆಳದ ಸುದ್ದಿಯನ್ನು ಮುಚ್ಚುತ್ತದೆ. ಆಕಾಶದಲ್ಲಿ ಹಗಲು ಹರಿಯುವ ವಿದ್ಯುತ್ ಪ್ರವಾಹದಿಂದ ಕ್ಷೇತ್ರ ಹತ್ತಾರು ನ್ಯಾನೊಟೆಸ್ಲಾ ಏರಿಳಿಯುವುದರಿಂದ ಒಂದು ಮಾಪಕವನ್ನು ಕದಲಿಸದೆ ಒಂದೆಡೆ ಇಟ್ಟು ಆ ಲೆಕ್ಕ ಕಳೆಯಲೇಬೇಕು.

2002ರಲ್ಲಿ ಪ್ರಿನ್ಸ್‌ಟನ್ನಿನ ಮೈಕೇಲ್ ರೊಮಾಲಿಸ್ ಗುಂಪು ಬೇರೆಯದೇ ದಾರಿ ಹಿಡಿಯಿತು. ಆವಿಯನ್ನು ದಟ್ಟವಾಗಿಸಿ ಕ್ಷೇತ್ರವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದರೆ, ಪರಮಾಣುಗಳ ಪರಸ್ಪರ ಡಿಕ್ಕಿ ಶಿಸ್ತನ್ನು ಕೆಡಿಸುವುದಿಲ್ಲ. ‘ಸರ್ಫ್’ ಎಂದು ಕರೆಯುವ ಈ ವಿಧಾನದಿಂದ ಮರುವರ್ಷ 0.54 ಫೆಮ್ಟೊಟೆಸ್ಲಾ ಪ್ರತಿ ವರ್ಗಮೂಲ ಹರ್ಟ್ಸ್ ಸೂಕ್ಷ್ಮತೆ ಸಾಧ್ಯವಾಯಿತು. ಮಿದುಳಿನ ಕಾಂತಕ್ಷೇತ್ರ ಕೂಡ ಅದರ ಎಟುಕಿಗೆ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಕ್ಷೇತ್ರ ಅಳೆಯುವ ಯಂತ್ರ ಅತಿವಾಹಕವನ್ನು ಬಳಸುವ ಸ್ಕ್ವಿಡ್ ಜಾತಿಯದು. ಅದಕ್ಕೆ ದ್ರವ ಹೀಲಿಯಂ ಬೇಕು. ಪರಮಾಣು ಸೆನ್ಸರಿಗೆ ಬೇಡ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಅಂಥ ಸೆನ್ಸರುಗಳನ್ನು ಶಿರಸ್ತ್ರಾಣದಲ್ಲಿ ಜೋಡಿಸಿ, ತಲೆ ಅಲುಗಾಡಿಸುತ್ತಿರುವವರ ಮಿದುಳನ್ನೇ ಅಳೆದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಸಂತ ನಟರಾಜನ್ ಗುಂಪು ಕ್ಷಾರಲೋಹದ ಆವಿಯಲ್ಲಿ ಬೆಳಕಿನ ಧ್ರುವೀಕರಣ ಕಾಂತಕ್ಷೇತ್ರದಿಂದ ತಿರುಗುವ ಬಗೆಯನ್ನು ಶೋಧಿಸಿತು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರುಬಿಡಿಯಂ ಪರಮಾಣುಗಳನ್ನು ಕದಡದೆ ಅವುಗಳ ಸ್ಪಿನ್‌ನ ಸಹಜ ಗದ್ದಲವನ್ನೇ ಆಲಿಸುವ ಪ್ರಯೋಗಗಳು ನಡೆದಿವೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಕ್ವಾಂಟಂ ಮಿಷನ್ ಪರಮಾಣು ಮ್ಯಾಗ್ನೆಟೋಮೀಟರಿಗೆ 1 ಫೆಮ್ಟೊಟೆಸ್ಲಾದ ಗುರಿ ಇಟ್ಟಿದೆ. ಕಾಸರಗೋಡಿನ ನೆಲದ ಕ್ಷೇತ್ರದಲ್ಲಿ ಅದು ನಾಲ್ಕು ಸಾವಿರ ಕೋಟಿಯಲ್ಲಿ ಒಂದು ಪಾಲು. ಸರ್ಫ್ ಹಾದಿಯಲ್ಲಿ ಹೋದರೆ ಅದಕ್ಕೆ ಹೊರಗಿನ ಕ್ಷೇತ್ರವನ್ನು ತಡೆಯುವ ಮ್ಯೂ-ಮೆಟಲ್ ಕವಚದಂಥ ಏರ್ಪಾಡು ಬೇಕು. ಕಾಸರಗೋಡು ಜಿಲ್ಲೆಯ ಪೆರಿಯದ ಬಯಲಿಗೆ ಹೊತ್ತೊಯ್ಯಲು ಓರೆ ಕಟ್ಟಿದ ಸೀಸಿಯಂ ಸೆನ್ಸರೇ ಸರಿ.